ಕೌಟುಂಬಿಕ ಹಿಂಸೆ ಪ್ರಕರಣಗಳು ಮತ್ತು ಕಾನೂನು ವಿದ್ಯಾರ್ಥಿ: ಸೇಡಂ, ಚಿಂಚೋಳಿ, ಚಿತ್ತಾಪುರ ಭಾಗದಲ್ಲಿ ತರಬೇತಿ ಕೆಲಸದ ಒಳಹೊರಗು

ಕಾನೂನು ಪದವಿ ಪಡೆಯುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ವಕೀಲರ ಕಚೇರಿ, ನ್ಯಾಯಾಲಯ, ಕಾನೂನು ಸೇವಾ ಸಂಸ್ಥೆ ಅಥವಾ ಸ್ವಯಂಸೇವಾ ಸಂಸ್ಥೆಯಲ್ಲಿ ಪ್ರಾಯೋಗಿಕ ತರಬೇತಿ ಪೂರೈಸಲೇಬೇಕು. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ರೂಪಿಸಿದ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ ಕನಿಷ್ಠ 20 ವಾರಗಳ ತರಬೇತಿ ಕಡ್ಡಾಯ. ಬಹುತೇಕ ವಿದ್ಯಾರ್ಥಿಗಳ ಪಾಲಿಗೆ ಇದು ದಿನಚರಿ ಪುಸ್ತಕ ತುಂಬಿಸಿ ಹಿರಿಯ ವಕೀಲರ ಸಹಿ ಪಡೆಯುವ ಶಾಸ್ತ್ರವಾಗಿ ಮುಗಿದುಹೋಗುತ್ತದೆ. ಆದರೆ ಇದೇ ಅವಧಿಯನ್ನು ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆಯರ ಪ್ರಕರಣಗಳಲ್ಲಿ ಸಹಾಯಕನಾಗಿ ಕಳೆಯುವ ವಿದ್ಯಾರ್ಥಿಯ ಕೆಲಸ ಬೇರೆಯದೇ ತೂಕದ್ದು. ಅರ್ಜಿಯಲ್ಲಿ ಬಿಟ್ಟುಹೋದ ಒಂದು ಸಾಲು, ತಪ್ಪಾಗಿ ಬರೆದ ಒಂದು ವಿಳಾಸ ಆ ಮಹಿಳೆಗೆ ತಿಂಗಳುಗಟ್ಟಲೆ ಜೀವನಾಂಶ ತಪ್ಪಿಸಬಲ್ಲದು. ಹಾಗೆ ತಪ್ಪಿದಾಗ ಆಕೆ ಹೊಡೆತದ ಮನೆಗೇ ಹಿಂದಿರುಗುವುದೂ ಉಂಟು.

ಸಮಸ್ಯೆಯ ಗಾತ್ರವನ್ನು ಒಂದು ಅಂಕಿ ಸೂಚಿಸುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-20) ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ 44.4ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿರುವುದಾಗಿ ತಿಳಿಸಿದರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಹಿಂಸೆಯೇ ಹೆಚ್ಚಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಾಯಿತೋ ಎಂಬ ಚರ್ಚೆ ಇದ್ದೇ ಇದೆ. ಎರಡರಲ್ಲಿ ಯಾವುದೇ ನಿಜವಾದರೂ ತಾಲೂಕು ನ್ಯಾಯಾಲಯಗಳ ಮೆಟ್ಟಿಲಿಗೆ ಬರುವವರಿಗೆ ನೆರವಾಗುವ ಕೈಗಳು ಕಡಿಮೆ.

ನೆಲದ ಪರಿಸ್ಥಿತಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಹಳೆಯ ತಾಲೂಕುಗಳು. ಶಹಾಬಾದ್ ಇತ್ತೀಚಿನ ವರ್ಷಗಳಲ್ಲಿ ತಾಲೂಕು ಕೇಂದ್ರವಾಗಿದೆ. ವಾಡಿ ಚಿತ್ತಾಪುರ ತಾಲೂಕಿಗೆ ಸೇರಿದ ರೈಲ್ವೆ ಜಂಕ್ಷನ್ ಪಟ್ಟಣ. ಸುಣ್ಣದ ಕಲ್ಲಿನ ನಿಕ್ಷೇಪದಿಂದಾಗಿ ಸೇಡಂ, ಮಳಖೇಡ, ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಉದ್ಯಮ ಬೆಳೆಯಿತು. ಶಹಾಬಾದಿನ ನೆಲಹಾಸು ಕಲ್ಲು ದೇಶದೆಲ್ಲೆಡೆ ಅದೇ ಹೆಸರಿನಿಂದ ಪರಿಚಿತ. ಉಳಿದಂತೆ ಇದು ತೊಗರಿಯ ನಾಡು. ಮಳೆ ಕೈಕೊಟ್ಟ ವರ್ಷ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಸಂಖ್ಯೆ ದೊಡ್ಡದು. ಚಿಂಚೋಳಿ ಭಾಗದ ತಾಂಡಾಗಳಲ್ಲಂತೂ ಇದು ವರ್ಷ ವರ್ಷದ ಮಾತು.

ಈ ಆರ್ಥಿಕ ಚಿತ್ರಕ್ಕೂ ಕೌಟುಂಬಿಕ ಹಿಂಸೆ ಪ್ರಕರಣಕ್ಕೂ ನೇರ ಸಂಬಂಧವಿದೆ. ಪತಿಯ ಆದಾಯ ತೋರಿಸುವ ಬಗೆ ಒಂದೊಂದು ಊರಿನಲ್ಲಿ ಒಂದೊಂದು. ಕಾರ್ಖಾನೆಯ ಕಾಯಂ ಕಾರ್ಮಿಕನಿಗೆ ವೇತನ ಚೀಟಿ ಇರುತ್ತದೆ. ಗುತ್ತಿಗೆ ಕಾರ್ಮಿಕನಿಗೆ ಭವಿಷ್ಯ ನಿಧಿಯ ಸಂಖ್ಯೆ, ಗೇಟ್ ಪಾಸ್ ಮಾತ್ರ. ಕಲ್ಲು ಗಣಿಯಲ್ಲಿ ದುಡಿಯುವವನಿಗೆ ಕಾಗದವೇ ಇರುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಜಮೀನು ಮಾವನ ಹೆಸರಿನಲ್ಲಿರುತ್ತದೆ. ಪಾಠದ ಪುಸ್ತಕದಲ್ಲಿ ಜೀವನಾಂಶದ ಕಲಮು ಓದಿ ಬಂದ ವಿದ್ಯಾರ್ಥಿ ಇಲ್ಲಿಯೇ ಮೊದಲು ತಬ್ಬಿಬ್ಬಾಗುತ್ತಾನೆ.

ಕಾಯ್ದೆ ಹೇಳುವುದೇನು?

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಇದ್ದದ್ದು ಮುಖ್ಯವಾಗಿ ಭಾರತೀಯ ದಂಡ ಸಂಹಿತೆಗೆ 1983ರಲ್ಲಿ ಸೇರಿಸಿದ 498ಎ ಕಲಮು. ಅದು ಪತಿ ಮತ್ತು ಆತನ ಬಂಧುಗಳನ್ನು ಶಿಕ್ಷಿಸುವ ಕಾನೂನು. ಪತಿ ಜೈಲಿಗೆ ಹೋದರೆ ಮಹಿಳೆ ಎಲ್ಲಿ ಇರಬೇಕು, ಮಕ್ಕಳಿಗೆ ಏನು ಉಣ್ಣಿಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. 2024ರ ಜುಲೈ 1ರಿಂದ ಆ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2005ರ ಕಾಯ್ದೆಯಾದರೋ ಪರಿಹಾರ ಕೊಡುವ ಕಾನೂನು. ಹಿಂಸೆ ತಡೆಯುವ ಸಂರಕ್ಷಣಾ ಆದೇಶಕ್ಕೆ 18ನೇ ಕಲಮು, ವಾಸದ ಆದೇಶಕ್ಕೆ 19, ಹಣಕಾಸಿನ ಪರಿಹಾರಕ್ಕೆ 20, ಮಕ್ಕಳ ತಾತ್ಕಾಲಿಕ ಸುಪರ್ದಿಗೆ 21, ನಷ್ಟಭರ್ತಿಗೆ 22. ಪ್ರಕರಣ ಮುಗಿಯುವವರೆಗೆ ಕಾಯದೆ ಮಧ್ಯಂತರ ಆದೇಶ, ಅಗತ್ಯವಿದ್ದರೆ ಎದುರುದಾರರ ಗೈರುಹಾಜರಿಯಲ್ಲೇ ಏಕಪಕ್ಷೀಯ ಆದೇಶ ನೀಡುವ ಅಧಿಕಾರವನ್ನು 23ನೇ ಕಲಮು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ.

ಧರ್ಮ, ಜಾತಿ ಭೇದವಿಲ್ಲದೆ ಎಲ್ಲ ಮಹಿಳೆಯರಿಗೂ ಕಾಯ್ದೆ ಅನ್ವಯ. ಹೆಂಡತಿ ಮಾತ್ರವಲ್ಲ, ತಾಯಿ, ಸಹೋದರಿ, ವಿಧವೆ ಸೊಸೆಯೂ ಅರ್ಜಿ ಹಾಕಬಹುದು. ಎದುರುದಾರ ವಯಸ್ಕ ಪುರುಷನೇ ಆಗಿರಬೇಕೆಂಬ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಹಿರಲ್ ಹರ್ಸೋರಾ ಪ್ರಕರಣದಲ್ಲಿ ತೆಗೆದುಹಾಕಿತು. ಅತ್ತೆ ಮಾವನ ಹೆಸರಿನಲ್ಲಿರುವ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲ ಎಂಬ ಹಳೆಯ ನಿಲುವನ್ನು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬದಲಿಸಿತು. ಜಮೀನು, ಮನೆ ಎಲ್ಲವೂ ಹಿರಿಯರ ಹೆಸರಿನಲ್ಲಿಯೇ ಉಳಿಯುವ ಈ ಭಾಗಕ್ಕೆ ಆ ತೀರ್ಪಿನ ಮಹತ್ವ ಹೆಚ್ಚು.

ವ್ಯವಸ್ಥೆಯ ಅಂಗಗಳು

ಕಾಯ್ದೆಯಡಿ ಸರ್ಕಾರ ಸಂರಕ್ಷಣಾಧಿಕಾರಿಗಳನ್ನು ನೇಮಿಸಬೇಕು. ಕರ್ನಾಟಕದಲ್ಲಿ ಈ ಹೊಣೆಯನ್ನು ತಾಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಗಿದೆ. ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರ, ಬಾಲ್ಯವಿವಾಹ ತಡೆ ಎಲ್ಲವನ್ನೂ ಹೊತ್ತ ಅಧಿಕಾರಿಯೇ ಕೌಟುಂಬಿಕ ಘಟನಾ ವರದಿಯನ್ನೂ ಸಿದ್ಧಪಡಿಸಬೇಕು. ಇದರಿಂದ ಆಗುವ ವಿಳಂಬಕ್ಕೆ ಅಧಿಕಾರಿಯೊಬ್ಬರನ್ನೇ ದೂರುವುದು ನ್ಯಾಯವಲ್ಲ. ಸಂರಕ್ಷಣಾಧಿಕಾರಿಗಳ ನೇಮಕವಾಗದ ಕಡೆ ಜಿಲ್ಲಾ ಮತ್ತು ತಾಲೂಕು ಮಟ್ಟದಲ್ಲಿ ಆರು ವಾರಗಳೊಳಗೆ ಅಧಿಕಾರಿಗಳನ್ನು ಗುರುತಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಗಿ ಬಂದದ್ದು, ಕಾಯ್ದೆ ಬಂದು ಸುಮಾರು ಎರಡು ದಶಕಗಳಾದ ಮೇಲೆ ಎಂಬುದು ಗಮನಾರ್ಹ.

ಡಿಐಆರ್ ಎಂದೇ ಕಚೇರಿಗಳಲ್ಲಿ ಕರೆಯಲಾಗುವ ಈ ಘಟನಾ ವರದಿ ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಇಂದಿಗೂ ಇದೆ. ನೊಂದ ಮಹಿಳೆ ನೇರವಾಗಿ ಅಥವಾ ವಕೀಲರ ಮೂಲಕ 12ನೇ ಕಲಮಿನಡಿ ಅರ್ಜಿ ಸಲ್ಲಿಸಿದಾಗ ವರದಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವರದಿ ಇದ್ದರೆ ಮ್ಯಾಜಿಸ್ಟ್ರೇಟರು ಅದನ್ನು ಪರಿಗಣಿಸಬೇಕು, ಅಷ್ಟೇ. ಹಾಗೆಯೇ ಘಟನೆ ನಡೆದ ಒಂದು ವರ್ಷದೊಳಗೇ ಅರ್ಜಿ ಹಾಕಬೇಕೆಂಬ ಕಾಲಮಿತಿಯೂ 12ನೇ ಕಲಮಿಗೆ ಅನ್ವಯಿಸುವುದಿಲ್ಲವೆಂದು ಅದೇ ವರ್ಷ ಕಾಮಾಕ್ಷಿ ಪ್ರಕರಣದಲ್ಲಿ ತೀರ್ಪಾಗಿದೆ. ಈ ಎರಡು ತೀರ್ಪುಗಳನ್ನು ಅರಿತ ವಿದ್ಯಾರ್ಥಿ, ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವ ಮಹಿಳೆಯ ಅಲೆದಾಟವನ್ನು ಒಂದೇ ದಿನದಲ್ಲಿ ನಿಲ್ಲಿಸಬಹುದು.

ವಕೀಲರ ಶುಲ್ಕದ ಚಿಂತೆಗೂ ಕಾನೂನಿನಲ್ಲಿ ಉತ್ತರವಿದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನಂತೆ ಮಹಿಳೆಗೆ ಆಕೆಯ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಆದಾಯ ಪ್ರಮಾಣ ಪತ್ರ ತರುವಂತೆ ಹೇಳಿ ತಹಶೀಲ್ದಾರ್ ಕಚೇರಿಗೆ ಅಟ್ಟಬೇಕಿಲ್ಲ. ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಸಾಕು. ಜಿಲ್ಲಾ ಮಟ್ಟದಲ್ಲಿ ಕಲಬುರಗಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತುರ್ತು ನೆರವಿಗೆ ಮಹಿಳಾ ಸಹಾಯವಾಣಿ 181, ಪೊಲೀಸ್ ನೆರವಿಗೆ 112, ಕಾನೂನು ಸಲಹೆಗೆ 15100 ಸಂಖ್ಯೆಗಳಿವೆ.

ಇನ್ನು ಆಸ್ಪತ್ರೆ. ಘಟನಾ ವರದಿ ಇಲ್ಲವೆಂಬ ಕಾರಣಕ್ಕೆ ವೈದ್ಯರು ಚಿಕಿತ್ಸೆ ನಿರಾಕರಿಸುವಂತಿಲ್ಲ. ಗಾಯ ಹೇಗಾಯಿತೆಂದು ಕೇಳಿದಾಗ ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಬರೆಸಿದ ಚೀಟಿಗಳು ಮುಂದೆ ಪಾಟೀಸವಾಲಿನಲ್ಲಿ ಕಾಡುತ್ತವೆ. ಅಂತಹ ಚೀಟಿ ಇದ್ದರೆ ಅದನ್ನು ಬಚ್ಚಿಡದೆ, ಯಾರು ಜೊತೆಗೆ ಬಂದಿದ್ದರು, ಹಾಗೆ ಏಕೆ ಹೇಳಬೇಕಾಯಿತು ಎಂಬುದನ್ನು ಅರ್ಜಿಯಲ್ಲಿಯೇ ವಿವರಿಸುವುದು ಅನುಭವಿ ವಕೀಲರ ಕ್ರಮ.

‘ತ್ರಾಸ’ ಎಂಬ ಒಂದು ಮಾತು

ತರಬೇತಿಯ ಹೃದಯಭಾಗ ಮಹಿಳೆಯ ಮಾತು ಕೇಳಿ ಬರೆದುಕೊಳ್ಳುವ ಕೆಲಸ. ಕಾನೂನು ಪದವಿಯ ಪಠ್ಯಕ್ರಮದಲ್ಲಿಯೂ ಕಕ್ಷಿದಾರರ ಸಂದರ್ಶನದ ಎರಡು ಕಲಾಪಗಳನ್ನು ಗಮನಿಸಿ ದಿನಚರಿಯಲ್ಲಿ ದಾಖಲಿಸಬೇಕೆಂಬ ನಿಯಮವಿದ್ದು, ಅದಕ್ಕೆ 15 ಅಂಕಗಳಿವೆ. ಆದರೆ ಹದಿನೈದು ಅಂಕದ ಸಂದರ್ಶನಕ್ಕೂ ನಿಜವಾದ ಸಂದರ್ಶನಕ್ಕೂ ಅಜಗಜಾಂತರ.

ಈ ಭಾಗದ ಮಹಿಳೆ ತನ್ನ ಕಷ್ಟವನ್ನು ಬಹಳ ಸಲ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ: ‘ಭಾಳ ತ್ರಾಸ ಕೊಡ್ತಾರ್ರಿ.’ ಅವಸರದ ಗುಮಾಸ್ತನ ಕೈಯಲ್ಲಿ ಅದು ‘ದೈಹಿಕ ಹಾಗೂ ಮಾನಸಿಕ ಕಿರುಕುಳ ನೀಡಿರುತ್ತಾರೆ’ ಎಂಬ ಸವಕಲು ವಾಕ್ಯವಾಗುತ್ತದೆ. ಕಾಯ್ದೆಯ 3ನೇ ಕಲಮು ಹಿಂಸೆಯನ್ನು ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ವಿಂಗಡಿಸಿದೆ. ‘ತ್ರಾಸ’ದೊಳಗೆ ಈ ನಾಲ್ಕೂ ಅಡಗಿರಬಹುದು. ಯಾವಾಗ, ಎಲ್ಲಿ, ಯಾವುದರಿಂದ, ಯಾರ ಎದುರು ಎಂದು ಕೇಳಬೇಕು. ತಾರೀಖು ನೆನಪಿರದಿದ್ದರೆ ಹಬ್ಬ, ಜಾತ್ರೆ, ತೊಗರಿ ರಾಶಿ, ಮಗುವಿನ ವಯಸ್ಸು ಆಧಾರವಾಗುತ್ತವೆ. ನಾಗರ ಪಂಚಮಿಗೆ ತವರಿಗೆ ಕಳುಹಿಸಲಿಲ್ಲ, ಶೀಗಿ ಹುಣ್ಣಿಮೆಯ ಮರುದಿನ ಹೊರಹಾಕಿದರು ಎಂಬ ಮಾತಿನಿಂದ ತಾರೀಖು ಹುಡುಕುವುದು ಕಷ್ಟವಲ್ಲ.

ಆರ್ಥಿಕ ಹಿಂಸೆಯನ್ನು ಹಿಂಸೆಯೆಂದೇ ಅನೇಕರು ಎಣಿಸಿರುವುದಿಲ್ಲ. ಕೂಲಿ ಹಣ ಕಸಿದುಕೊಳ್ಳುವುದು, ತವರಿನ ಬಂಗಾರ ಒತ್ತೆ ಇಡುವುದು, ಬ್ಯಾಂಕ್ ಪುಸ್ತಕ ತೆಗೆದಿರಿಸಿಕೊಳ್ಳುವುದು ಇವೆಲ್ಲ ಕೇಳಿದರೆ ಮಾತ್ರ ಹೊರಬರುವ ಸಂಗತಿಗಳು. ಲೈಂಗಿಕ ಹಿಂಸೆಯನ್ನು ಗಂಡಸರ ಎದುರು, ಅದರಲ್ಲಿಯೂ ತಂದೆ ಅಥವಾ ಅಣ್ಣ ಪಕ್ಕದಲ್ಲಿ ಕುಳಿತಿರುವಾಗ ಯಾವ ಮಹಿಳೆಯೂ ಹೇಳಲಾರಳು. ಜೊತೆಗೆ ಬಂದವರನ್ನು ಚಹಾಕ್ಕೆಂದು ಹೊರಗೆ ಕಳುಹಿಸುವ ಉಪಾಯವನ್ನು ವಿದ್ಯಾರ್ಥಿನಿಯರು ಬೇಗ ಕಲಿಯುತ್ತಾರೆ. ಈ ಕೆಲಸಕ್ಕೆ ವಿದ್ಯಾರ್ಥಿನಿಯರ ಅಗತ್ಯ ಹೆಚ್ಚಾಗಿರುವುದೂ ಇದೇ ಕಾರಣಕ್ಕೆ.

ಭಾಷೆಯ ತೊಡಕು ಇನ್ನೊಂದು. ಚಿಂಚೋಳಿ ತಾಂಡಾದ ಮಹಿಳೆಯ ಮನೆಮಾತು ಲಂಬಾಣಿ, ಶಹಾಬಾದ್ ಅಥವಾ ವಾಡಿಯ ಮಹಿಳೆಯದು ಉರ್ದು ಆಗಿರಬಹುದು. ಸೇಡಂ ತಾಲೂಕಿನ ಗಡಿ ಗ್ರಾಮಗಳಲ್ಲಿ ತೆಲುಗು ಬಳಕೆಯಲ್ಲಿದೆ. ಅರ್ಜಿ ಮತ್ತು ಪ್ರಮಾಣ ಪತ್ರ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತವೆ. ಅವನ್ನು ಆಕೆಯ ಭಾಷೆಯಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿದರೆ ಸಾಕ್ಷಿಕಟ್ಟೆಯಲ್ಲಿ ‘ನಾನು ಹಾಗೆ ಹೇಳಿಲ್ಲ’ ಎಂಬ ಉತ್ತರ ಬರುತ್ತದೆ, ಪ್ರಕರಣ ಅಲ್ಲಿಗೇ ಸಡಿಲವಾಗುತ್ತದೆ. ಎರಡು ಭಾಷೆ ಬಲ್ಲ ಸ್ಥಳೀಯ ವಿದ್ಯಾರ್ಥಿ ಇಲ್ಲಿ ಮಹಾನಗರದ ದೊಡ್ಡ ಕಾಲೇಜಿನ ವಿದ್ಯಾರ್ಥಿಗಿಂತ ಹೆಚ್ಚು ಉಪಯುಕ್ತ.

ಒಂದು ಕಲ್ಪಿತ ಪ್ರಕರಣ

ಕಾಗದದ ಕೆಲಸ ಹೇಗೆ ಸಾಗುತ್ತದೆಂಬುದಕ್ಕೆ ಒಂದು ಪ್ರಕರಣವನ್ನು ಊಹಿಸಿಕೊಳ್ಳಬಹುದು. ಚಿಂಚೋಳಿ ತಾಲೂಕಿನ ತಾಂಡಾದ ಯುವತಿಯೊಬ್ಬಳ ಮದುವೆ ಚಿತ್ತಾಪುರ ತಾಲೂಕಿನ ಯುವಕನೊಡನೆ ಆಗಿದೆ. ಆತ ಕೆಲಕಾಲ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ, ಬಳಿಕ ದಂಪತಿ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಹೊಡೆತ ತಾಳಲಾರದೆ ಆಕೆ ಎರಡು ವರ್ಷದ ಮಗುವಿನೊಡನೆ ತವರು ಸೇರುತ್ತಾಳೆ.

ಮೊದಲ ಪ್ರಶ್ನೆ: ಅರ್ಜಿ ಎಲ್ಲಿ? ಹಿಂಸೆ ನಡೆದದ್ದು ಪುಣೆಯಲ್ಲಾದ್ದರಿಂದ ಅಲ್ಲಿಯೇ ದೂರು ಕೊಡಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಯ್ದೆಯ 27ನೇ ಕಲಮಿನಂತೆ ನೊಂದ ಮಹಿಳೆ ಕಾಯಂ ಆಗಿ ಅಥವಾ ತಾತ್ಕಾಲಿಕವಾಗಿ ವಾಸವಿರುವ ಸ್ಥಳದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೂ ಅಧಿಕಾರವಿದೆ. ಆಕೆ ಚಿಂಚೋಳಿ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ರೈಲು ಮಾರ್ಗವಿಲ್ಲದ ಚಿಂಚೋಳಿಯಿಂದ ಪುಣೆಗೆ ಪ್ರತಿ ತಾರೀಖಿಗೆ ಹೋಗಿಬರುವುದೆಂದರೆ ಪ್ರಕರಣ ಕೈಬಿಟ್ಟಂತೆಯೇ ಸರಿ.

ಎರಡನೆಯದು ದಾಖಲೆ. ಆಕೆಯ ಆಧಾರ್ ಕಾರ್ಡ್, ಬ್ಯಾಂಕ್ ಪುಸ್ತಕ, ಮಗುವಿನ ಜನನ ಪ್ರಮಾಣ ಪತ್ರ ಎಲ್ಲವೂ ಗಂಡನ ಮನೆಯಲ್ಲಿವೆ. 2023ರ ಜೂನ್ 11ರಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾಗಿದ್ದು, ನ್ಯಾಯಾಲಯಕ್ಕೆ ಬರುವ ಮಹಿಳೆಯರಿಗೆ ಅದರಿಂದ ಆದ ಅನುಕೂಲ ದೊಡ್ಡದು. ಆದರೆ ಗುರುತಿನ ಚೀಟಿ ಇಲ್ಲದೆ ಓಡಿಬಂದವಳಿಗೆ ಆ ಸೌಲಭ್ಯವೂ ಸಿಗದು. ಸ್ತ್ರೀಧನ ಮತ್ತು ಆಕೆಗೆ ಸೇರಿದ ಇತರ ವಸ್ತುಗಳನ್ನು ಹಿಂದಿರುಗಿಸುವಂತೆ 19ನೇ ಕಲಮಿನ 8ನೇ ಉಪಕಲಮಿನಡಿ ಆದೇಶ ಕೋರಬಹುದು. ವಸ್ತುಗಳ ಪಟ್ಟಿಯಲ್ಲಿ ಬಂಗಾರ, ಪಾತ್ರೆಯ ಜೊತೆ ಈ ಕಾಗದಗಳನ್ನೂ ಒಂದೊಂದಾಗಿ ಹೆಸರಿಸಿ ಬರೆಯುವುದನ್ನು ವಿದ್ಯಾರ್ಥಿ ಮರೆಯಬಾರದು.

ಮೂರನೆಯದು ಪತಿಯ ಆದಾಯ. ರಜನೀಶ್ ಮತ್ತು ನೇಹಾ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ನೀಡಿದ ತೀರ್ಪಿನಂತೆ ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಆಸ್ತಿ ಮತ್ತು ಋಣಗಳ ಪ್ರಮಾಣ ಪತ್ರ ಸಲ್ಲಿಸಬೇಕು. ಒಕ್ಕಲುತನದವರಿಗೆ ಪ್ರತ್ಯೇಕ ನಮೂನೆಯೇ ಇದೆ. ಜೀವನಾಂಶ ಅರ್ಜಿಯ ದಿನದಿಂದಲೇ ಸಲ್ಲಬೇಕೆಂದೂ ಆ ತೀರ್ಪು ಹೇಳಿದೆ. ವಿದ್ಯಾರ್ಥಿಯ ಕೆಲಸ ಆ ನಮೂನೆ ತುಂಬಲು ಬೇಕಾದ್ದನ್ನು ಕಲೆಹಾಕುವುದು: ಮಾವನ ಜಮೀನಿನ ಪಹಣಿ, ಹಳೆಯ ವೇತನ ಚೀಟಿ, ಗುತ್ತಿಗೆದಾರನ ಹೆಸರು, ಫೋನಿನಲ್ಲಿ ಹಣ ಕಳುಹಿಸಿದ ದಾಖಲೆ. ಪತಿ ಸಂಬಳದ ಕೆಲಸದಲ್ಲಿದ್ದರೆ 20ನೇ ಕಲಮಿನ 6ನೇ ಉಪಕಲಮು ಬಹಳ ಪ್ರಯೋಜನಕಾರಿ. ಜೀವನಾಂಶ ಕೊಡದಿದ್ದಾಗ ಆತನ ಮಾಲೀಕರೇ ವೇತನದ ಒಂದು ಭಾಗವನ್ನು ನೇರವಾಗಿ ಮಹಿಳೆಗೆ ಕೊಡುವಂತೆ ಅಥವಾ ನ್ಯಾಯಾಲಯದಲ್ಲಿ ಠೇವಣಿ ಇಡುವಂತೆ ಮ್ಯಾಜಿಸ್ಟ್ರೇಟರು ನಿರ್ದೇಶಿಸಬಹುದು. ಕಾರ್ಖಾನೆಗಳ ಸೇಡಂ, ವಾಡಿ, ಶಹಾಬಾದ್ ಭಾಗದಲ್ಲಿ ಈ ಉಪಕಲಮು ಇನ್ನೂ ಹೆಚ್ಚು ಬಳಕೆಯಾಗಬೇಕಿತ್ತು.

ಕಂಪನಿ ವಸತಿಗೃಹದಲ್ಲಿ ವಾಸವಿದ್ದ ಮಹಿಳೆಯ ವಿಷಯ ಬೇರೆ. ಆ ಮನೆಯಲ್ಲಿಯೇ ಉಳಿಯುವ ಆದೇಶ ಪಡೆದರೂ ಪತಿಯ ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಆದ್ದರಿಂದ ಅದೇ ಮಟ್ಟದ ಬೇರೆ ಮನೆ ಒದಗಿಸಬೇಕು ಅಥವಾ ಬಾಡಿಗೆ ಕೊಡಬೇಕು ಎಂಬ ಪರ್ಯಾಯ ಕೋರಿಕೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸಬೇಕು. 19ನೇ ಕಲಮಿನಲ್ಲಿ ಅದಕ್ಕೂ ಅವಕಾಶವಿದೆ.

ನಾಲ್ಕನೆಯದು ಹೆಚ್ಚು ಸೂಕ್ಷ್ಮ. ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಊರಿನ ಹಿರಿಯರು, ತಾಂಡಾದಲ್ಲಾದರೆ ನಾಯಕ ಮತ್ತು ಕಾರಭಾರಿ, ಒಂದೆರಡು ಸಲ ಪಂಚಾಯಿತಿ ಕೂಡಿಸಿರುತ್ತಾರೆ. ಬಾಂಡ್ ಕಾಗದದ ಮೇಲೆ ‘ಇನ್ನು ಮುಂದೆ ಯಾವ ಹಕ್ಕೂ ಇಲ್ಲ’ ಎಂದು ಬರೆಸಿ ಸೋಡಚೀಟಿ ಮಾಡಿರುವುದೂ ಉಂಟು. ಇಂತಹ ಕಾಗದಕ್ಕೆ ಹೆದರಿ ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ರೂಢಿಯ ವಿಚ್ಛೇದನ ಇದೆಯೆಂದು ಹೇಳುವವರು ಆ ರೂಢಿಯನ್ನು ಸಾಕ್ಷ್ಯದಿಂದ ಸಾಬೀತುಪಡಿಸಬೇಕು. ಬರಿಯ ಬಾಂಡ್ ಕಾಗದ ಮಹಿಳೆಯ ಹಕ್ಕನ್ನು ತಾನಾಗಿಯೇ ಅಳಿಸಿಹಾಕದು. ಕಾಗದವನ್ನು ಹರಿದೊಗೆಯದೆ ವಕೀಲರಿಗೆ ತೋರಿಸುವಂತೆ ಹೇಳುವುದೇ ವಿದ್ಯಾರ್ಥಿ ಕೊಡಬಹುದಾದ ಸರಿಯಾದ ಸಲಹೆ. ಪಂಚಾಯಿತಿ ಹಿರಿಯರನ್ನು ಎದುರು ಹಾಕಿಕೊಳ್ಳುವ ಉತ್ಸಾಹ ವಿದ್ಯಾರ್ಥಿಗೆ ಸಲ್ಲದು. ತರಬೇತಿ ಮುಗಿಸಿ ಆತ ಊರಿಗೆ ಹೋಗುತ್ತಾನೆ, ಮಹಿಳೆ ಅದೇ ತಾಂಡಾದಲ್ಲಿ ಬದುಕಬೇಕು. ಅಷ್ಟಕ್ಕೂ ಕೆಲವು ಹಿರಿಯರೇ ಮುಂದೆ ನ್ಯಾಯಾಲಯದಲ್ಲಿ ಆಕೆಯ ಪರ ಸಾಕ್ಷಿ ನುಡಿಯಬೇಕಾದವರು.

ಮಿತಿಗಳು

ವಕಾಲತ್ತುನಾಮೆಗೆ ಸಹಿ ಹಾಕುವ, ನ್ಯಾಯಾಲಯದಲ್ಲಿ ವಾದಿಸುವ ಅಧಿಕಾರ ವಿದ್ಯಾರ್ಥಿಗಿಲ್ಲ. ವಕೀಲರ ಕಾಯ್ದೆ 1961ರಂತೆ ಅದು ನೋಂದಾಯಿತ ವಕೀಲರಿಗೆ ಮಾತ್ರ. ಮಹಿಳೆಯ ಪರ ತೀರ್ಮಾನ ಕೈಗೊಳ್ಳುವುದೂ ಆತನ ಕೆಲಸವಲ್ಲ. ರಾಜಿಗೆ ಒಪ್ಪು ಎಂದಾಗಲಿ, ಒಪ್ಪಬೇಡ ಎಂದಾಗಲಿ ಒತ್ತಾಯಿಸಬಾರದು. 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆಪ್ತಸಮಾಲೋಚನೆಗೆ ಕಳುಹಿಸಬಹುದು, ಕೆಲವು ಸಂಸಾರಗಳು ಅಲ್ಲಿ ಸರಿಹೋಗುವುದೂ ಉಂಟು. ಆದರೆ ಮರಳಿ ಹೋಗುವ ಮುನ್ನ ಸಂರಕ್ಷಣಾ ಆದೇಶ ಕೈಯಲ್ಲಿದ್ದರೆ ಮಹಿಳೆಯ ಸ್ಥಿತಿ ಬೇರೆ, ಇಲ್ಲದಿದ್ದರೆ ಬೇರೆ. ಈ ವ್ಯತ್ಯಾಸವನ್ನು ತಿಳಿಸಿಹೇಳಿ ನಿರ್ಧಾರವನ್ನು ಆಕೆಗೆ ಬಿಡಬೇಕು.

ಎದುರು ಪಕ್ಷದವರೂ ಅದೇ ಆವರಣದಲ್ಲಿ ನಿಂತಿರುತ್ತಾರೆ. ಅವರಿಗೂ ಉತ್ತರ ಹೇಳುವ ಹಕ್ಕಿದೆ. ನಡೆಯದ ಘಟನೆ ಸೇರಿಸಿದರೆ, ಮನೆಯಲ್ಲಿಲ್ಲದ ನಾದಿನಿ, ಮೈದುನರನ್ನೆಲ್ಲ ಎಳೆದರೆ ಪ್ರಕರಣ ಬಲವಾಗುತ್ತದೆಂಬ ನಂಬಿಕೆ ಹಳೆಯ ಗುಮಾಸ್ತರಲ್ಲಿ ಇತ್ತು. ವಾಸ್ತವದಲ್ಲಿ ನೋಟಿಸ್ ಜಾರಿಯಾಗಬೇಕಾದವರ ಸಂಖ್ಯೆ ಹೆಚ್ಚಿದಷ್ಟೂ ವಿಚಾರಣೆ ಮುಂದಕ್ಕೆ ಹೋಗುತ್ತದೆ.

ಕೇಳಿದ ಮಾತು ಹೊರಗೆ ಹೋಗಬಾರದು. ಸೇಡಂ ಅಥವಾ ಚಿತ್ತಾಪುರದಂತಹ ಊರಿನಲ್ಲಿ ಒಬ್ಬರಿಗೊಬ್ಬರು ಪರಿಚಿತರು. ಹೆಸರು ಹೇಳದಿದ್ದರೂ ಓಣಿ ಹೇಳಿದರೆ ಸಾಕು, ಯಾರೆಂದು ತಿಳಿಯುತ್ತದೆ. ಮಹಿಳೆಗೆ ಫೋನ್ ಮಾಡುವ ಮುನ್ನ ಆ ಫೋನ್ ಯಾರ ಕೈಯಲ್ಲಿರುತ್ತದೆಂದು ಕೇಳಿಟ್ಟುಕೊಳ್ಳಬೇಕು. ಕಾಲೇಜಿಗೆ ಸಲ್ಲಿಸುವ ದಿನಚರಿಯಲ್ಲಿ ನಿಜವಾದ ಹೆಸರು, ಗ್ರಾಮ ಬರೆಯಬಾರದು.

ಗೋಪ್ಯತೆಗೆ ಒಂದು ದೊಡ್ಡ ಅಪವಾದವಿದೆ. ಬಂದಾಕೆಯ ವಯಸ್ಸು 18 ತುಂಬಿರದಿದ್ದರೆ ವಿಷಯ ಬದಲಾಗುತ್ತದೆ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದ ಯಾವುದೇ ವ್ಯಕ್ತಿ ಪೊಲೀಸರಿಗೆ ವರದಿ ಮಾಡಲೇಬೇಕು, ಮಾಡದಿದ್ದರೆ ಅದೇ ಅಪರಾಧ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ರಾಜ್ಯ ಸರ್ಕಾರ ತಂದ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಬಾಲ್ಯವಿವಾಹ ಇನ್ನೂ ನಿಂತಿಲ್ಲದ ಈ ಭಾಗದಲ್ಲಿ ವಯಸ್ಸು ಕೇಳುವ ಮುನ್ನವೇ ‘ಎಲ್ಲವೂ ಗುಪ್ತವಾಗಿರುತ್ತದೆ’ ಎಂದು ಮಾತು ಕೊಟ್ಟರೆ ವಿದ್ಯಾರ್ಥಿ ಸಂಕಟಕ್ಕೆ ಸಿಲುಕುತ್ತಾನೆ. ಇಂತಹ ಸಂದರ್ಭದಲ್ಲಿ ಸ್ವಂತ ನಿರ್ಧಾರ ಕೈಗೊಳ್ಳದೆ ಆ ದಿನವೇ ಹಿರಿಯ ವಕೀಲರಿಗೆ ತಿಳಿಸಬೇಕು.

ಆದೇಶದ ನಂತರ

ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ಇತ್ಯರ್ಥ 60 ದಿನಗಳೊಳಗೆ ಆಗಲು ಯತ್ನಿಸಬೇಕೆಂದು ಕಾಯ್ದೆಯ ಆಶಯ. ನೋಟಿಸನ್ನು ಸಂರಕ್ಷಣಾಧಿಕಾರಿ ಎರಡು ದಿನಗಳಲ್ಲಿ ಜಾರಿ ಮಾಡಬೇಕು, ಹೆಚ್ಚಿನ ಸಮಯ ಬೇಕಾದರೆ ಮ್ಯಾಜಿಸ್ಟ್ರೇಟರು ಕೊಡಬಹುದು. ಪತಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವಾಗ ಈ ಲೆಕ್ಕಾಚಾರ ತಲೆಕೆಳಗಾಗುತ್ತದೆ. ‘ಪುಣೆಯಲ್ಲಿ ಕೂಲಿ ಕೆಲಸ’ ಎಂಬ ವಿಳಾಸಕ್ಕೆ ಯಾವ ನೋಟಿಸೂ ಮುಟ್ಟದು. ಜೊತೆಗೆ ಗುಳೆ ಹೋದ ಅದೇ ಊರಿನವರಿಂದ ಕೆಲಸದ ಸ್ಥಳ, ಮುಕಾದಮನ ಹೆಸರು, ಪೊಲೀಸ್ ಠಾಣೆಯ ವ್ಯಾಪ್ತಿ ತಿಳಿದುಕೊಂಡು ಬರೆಯುವ ವಿದ್ಯಾರ್ಥಿ ಎರಡು ಮೂರು ತಾರೀಖು ಉಳಿಸುತ್ತಾನೆ. ಈ ಕೆಲಸವನ್ನು ದಿನಕ್ಕೆ ಹತ್ತಾರು ಕಡತ ನೋಡುವ ವಕೀಲರಿಂದ ನಿರೀಕ್ಷಿಸಲಾಗದು.

ಆದೇಶದ ಪ್ರತಿ ಮಹಿಳೆಗೆ ಉಚಿತವಾಗಿ ಸಿಗಬೇಕು, ಸಂಬಂಧಿಸಿದ ಪೊಲೀಸ್ ಠಾಣೆಗೂ ಒಂದು ಪ್ರತಿ ಹೋಗಬೇಕು. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಕಾರಾಗೃಹ ಅಥವಾ 20 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಆ ಅಪರಾಧ ಜಾಮೀನುರಹಿತ. ಜೀವನಾಂಶದ ಬಾಕಿಗೆ ಮಾತ್ರ ದಾರಿ ಬೇರೆ: ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ, ಅಂದರೆ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಮಾದರಿಯಲ್ಲಿ ವಸೂಲಿ ಅರ್ಜಿ ಹಾಕಿ ವಾರಂಟ್ ಪಡೆಯಬೇಕು. ತಿಂಗಳ ಲೆಕ್ಕ, ಬಂದ ಹಣ, ಬಾಕಿ ಮೊತ್ತದ ತಖ್ತೆಯನ್ನು ಆರಂಭದಿಂದಲೇ ಇಟ್ಟಿದ್ದರೆ ಈ ಅರ್ಜಿ ಅರ್ಧ ದಿನದ ಕೆಲಸ. ಆದೇಶದಿಂದ ಬಾಧಿತರಾದವರು 30 ದಿನಗಳಲ್ಲಿ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟಿನ ಕಲಬುರಗಿ ಪೀಠದಿಂದಾಗಿ ಮುಂದಿನ ಹಂತಕ್ಕೂ ಬೆಂಗಳೂರಿನ ದಾರಿ ಹಿಡಿಯಬೇಕಿಲ್ಲ.

ಸೇರುವುದು ಹೇಗೆ?

ಮೂರು ದಾರಿಗಳಿವೆ. ಕೌಟುಂಬಿಕ ಪ್ರಕರಣ ನಡೆಸುವ ವಕೀಲರ ಕಚೇರಿಯಲ್ಲಿ ಕಾಲೇಜಿನ ಪತ್ರದೊಡನೆ ಸೇರುವುದು ಒಂದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ, ರಾಷ್ಟ್ರೀಯ ಪ್ರಾಧಿಕಾರ 2009ರಲ್ಲಿ ರೂಪಿಸಿದ ಯೋಜನೆಯಡಿ ಅರೆಕಾಲಿಕ ಕಾನೂನು ಸ್ವಯಂಸೇವಕರಾಗುವುದು ಇನ್ನೊಂದು. ಕಾನೂನು ವಿದ್ಯಾರ್ಥಿಗಳಿಗೂ ಇದರಲ್ಲಿ ಅವಕಾಶವಿದೆ. ಮಹಿಳಾ ಸಂಘಟನೆಗಳೊಡನೆ ದುಡಿಯುವುದು ಮೂರನೆಯದು. ಈ ಭಾಗಕ್ಕೆ ಈ ಬಗೆಯ ಕೆಲಸ ಹೊಸದೇನಲ್ಲ. 1989ರಲ್ಲಿ ರಾಜ್ಯದಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮ ಬೀದರ್, ಕಲಬುರಗಿ ಭಾಗದ ಗ್ರಾಮಗಳಲ್ಲಿ ಮಹಿಳಾ ಸಂಘಗಳನ್ನು ಕಟ್ಟಿತ್ತು. ಓದುಬರಹ ಬಾರದ ಸಂಘದ ಮಹಿಳೆಯರು ನಾರಿ ಅದಾಲತ್ ಹೆಸರಿನಲ್ಲಿ ಕುಳಿತು ಸಂಸಾರದ ವ್ಯಾಜ್ಯಗಳನ್ನು ಆಲಿಸುತ್ತಿದ್ದರು. ಕಾರ್ಯಕ್ರಮ ನಿಂತುಹೋದರೂ ಆ ಸಂಘಗಳಲ್ಲಿ ಪಳಗಿದ ಹಿರಿಯ ಮಹಿಳೆಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಯಾವ ಮನೆಯಲ್ಲಿ ಏನು ನಡೆದಿದೆ ಎಂಬುದು ಅವರಿಗೆ ತಿಳಿದಿರುವಷ್ಟು ಠಾಣೆಗೆ ತಿಳಿದಿರುವುದಿಲ್ಲ.

ಒಂದು ವಿಷಯವನ್ನು ಕಾಲೇಜುಗಳು ಗಮನಿಸಬೇಕಿದೆ. ನಿಯಮದಂತೆ ಒಂದು ಶೈಕ್ಷಣಿಕ ವರ್ಷದಲ್ಲಿ ಸತತ ನಾಲ್ಕು ವಾರಗಳಿಗಿಂತ ಹೆಚ್ಚು ತರಬೇತಿ ಇರುವಂತಿಲ್ಲ. ಪ್ರಕರಣವಾದರೋ ತಿಂಗಳುಗಟ್ಟಲೆ ನಡೆಯುತ್ತದೆ. ತನ್ನ ಕಥೆಯನ್ನು ಒಬ್ಬ ವಿದ್ಯಾರ್ಥಿನಿಗೆ ಅಳುತ್ತ ಹೇಳಿದ ಮಹಿಳೆ ಮುಂದಿನ ತಾರೀಖಿಗೆ ಬಂದಾಗ ಬೇರೊಬ್ಬರು ಕುಳಿತಿದ್ದು ಮೊದಲಿನಿಂದ ಕೇಳತೊಡಗಿದರೆ ಆಕೆ ಮೂರನೆಯ ಸಲ ಬರುವುದು ಅನುಮಾನ. ಆದ್ದರಿಂದ ತರಬೇತಿ ಮುಗಿಯುವ ಕೊನೆಯ ವಾರ ಕಡತದಲ್ಲಿ ಒಂದು ಪುಟದ ಟಿಪ್ಪಣಿ ಇಡಬೇಕು: ಮುಂದಿನ ತಾರೀಖು, ಸಲ್ಲಿಸಿದ ಮತ್ತು ಬಾಕಿ ಇರುವ ಕಾಗದಗಳು, ಆಕೆಯನ್ನು ಸಂಪರ್ಕಿಸಬಹುದಾದ ಸುರಕ್ಷಿತ ಸಂಖ್ಯೆ ಮತ್ತು ಹೊತ್ತು. ಸಾಧ್ಯವಾದರೆ ಮುಂದಿನ ವಿದ್ಯಾರ್ಥಿನಿಯನ್ನು ಆಕೆಗೆ ಮುಖತಃ ಪರಿಚಯಿಸಿಯೇ ಹೊರಡಬೇಕು.